ಟಿವಿಯ ಬೆನ್ನಿಗೆ ಮಾವನ ಫೋನು

ಗೌರಿಗೆ ನೋವು ಶುರುವಾದಾಗ ನಮ್ಮ ಮಾವನ ಫೋನು ಟಿವಿಯ ಬೆನ್ನಿಗೆ ನೇತಾಡುತ್ತಿತ್ತು. (ಗೌರಿ ಅಂದರೆ ಹಸು. ಗಾಬರಿ ಬೇಡ.)

ಹೋದ ಭಾನುವಾರದ ಮಾತು. ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ನನ್ನ ಹೆಂಡತಿಯ ತವರು. ಗೌರಿಗೆ ಚೊಚ್ಚಲ ಹೆರಿಗೆ, ಕರುವಿನ ಒಂದೇ ಕಾಲು ಹೊರಗೆ ಕಾಣುತ್ತಿದೆ. ದನದ ಡಾಕ್ಟರು ದೂರದ ಊರಲ್ಲಿದ್ದರು. “ಸ್ವಲ್ಪ ಹೊತ್ತು ಬಿಟ್ಟು ವಿಡಿಯೋ ಕಾಲ್ ಮಾಡಿ, ನೋಡಿ ಹೇಳ್ತೀನಿ” ಅಂದರು. ನನ್ನ ಫೋನಿಗೆ ಆ ಊರಲ್ಲಿ ಸಿಗ್ನಲ್ಲೇ ಇಲ್ಲ. ಮಾವನದು ಒಂದು ಗಂಟೆಯಿಂದ ಟಿವಿಯ ಯುಎಸ್‌ಬಿ ತೂತಿಗೆ ಚಾರ್ಜಿಗೆಂದು ಸಿಕ್ಕಿಸಿದ್ದರೂ ಒಂಬತ್ತು ಪರ್ಸೆಂಟ್.

ಬ್ಯಾಗಿನಿಂದ ನನ್ನ ಚಾರ್ಜರ್ ತೆಗೆದೆ. ಮಾವ ಅಡ್ಡ ಬಂದರು.

“ಬ್ಯಾಡ ಅಳಿಯಂದ್ರೆ. ಅಷ್ಟು ದೊಡ್ಡದು ಆಕುದ್ರೆ ಬ್ಯಾಟ್ರಿ ಕುದ್ದೋಗ್ತದೆ. ಟೀವಿನೇ ವಾಸಿ, ನಿಧಾನಕ್ಕೆ ಕೊಡ್ತದೆ.”

ಇದು ಸುಮ್ಮನೆ ಹುಟ್ಟಿದ ಭಯವಲ್ಲ. ಮಾವ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ, ಕೆಳಗೆ ಇಳಿಯುವವರ ತಲೆದೀಪಗಳನ್ನು ಚಾರ್ಜಿಗೆ ಹಾಕುತ್ತಿದ್ದವರು. ಅಲ್ಲಿ ಎಷ್ಟು ಕರೆಂಟ್ ಕೊಡಬೇಕೆಂದು ನೋಡಿಕೊಳ್ಳುವವರು ಅವರೇ. ಜಾಸ್ತಿಯಾದರೆ ಬ್ಯಾಟರಿ ಕುದಿಯುತ್ತಿತ್ತು. ಗಣಿ ಮುಚ್ಚಿದರೂ ಆ ಎಚ್ಚರ ಮುಚ್ಚಿಲ್ಲ. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಜೊತೆಗೆ ಸಿಟ್ಟೂ ಬಂತು, ಗೌರಿ ಒದ್ದಾಡುತ್ತಿದ್ದಳಲ್ಲ.

“ಮಾವ, ಚಾರ್ಜರ್ ತಾನಾಗಿ ತುರುಕಲ್ಲ. ಫೋನು ಎಷ್ಟು ಬೇಕೋ ಅಷ್ಟೇ ಎಳ್ಕೊಳುತ್ತೆ” ಅಂದೆ.

ನಿಜವೂ ಅದೇ. ಫೋನಿನೊಳಗೆ ಒಂದು ಪುಟ್ಟ ಚಿಪ್ ಇದೆ. ವೈರು ಸಿಕ್ಕಿಸಿದ ತಕ್ಷಣ ಅದು ಕೇಬಲ್ಲಿನ ಎರಡು ಡೇಟಾ ತಂತಿಗಳನ್ನು ತಡವಿ ನೋಡುತ್ತದೆ. ಆಚೆ ತುದಿಯಲ್ಲಿ ಅವೆರಡೂ ಒಂದಕ್ಕೊಂದು ಸೇರಿದ್ದರೆ, ಇದು ಗೋಡೆಯ ಚಾರ್ಜರ್, ಧಾರಾಳವಾಗಿ ಎಳೆಯಬಹುದು. ಸೇರಿಲ್ಲವೇ? ಟಿವಿಯೋ ಕಂಪ್ಯೂಟರೋ ಇರಬೇಕು, ಅರ್ಧ ಆಂಪಿಯರ್ ಸಾಕು. ಆಮೇಲೂ ಗಬಗಬ ತಿನ್ನುವುದಿಲ್ಲ. ಸ್ವಲ್ಪ ಸ್ವಲ್ಪವೇ ಜಾಸ್ತಿ ಎಳೆಯುತ್ತದೆ. ವೋಲ್ಟೇಜ್ ಕುಸಿದರೆ, ಕೊಡುವವನಿಗೆ ಸುಸ್ತಾಯಿತು ಅಂತ ಹಿಂದೆ ಸರಿಯುತ್ತದೆ. ನಮ್ಮಲ್ಲಿ ಎಷ್ಟು ಜನಕ್ಕೆ ಇಷ್ಟು ಮರ್ಯಾದೆ ಇದೆ?

ಮಾವ ಅರೆಮನಸ್ಸಿನಿಂದ ಒಪ್ಪಿದರು. ಚಾರ್ಜರ್ ಹಾಕಿದ ಮೇಲೆ ಐದು ನಿಮಿಷಕ್ಕೊಮ್ಮೆ ಫೋನಿನ ಬೆನ್ನು ಮುಟ್ಟಿ ನೋಡಿದರು, ಮಗುವಿಗೆ ಜ್ವರ ಬಂದಿದೆಯಾ ಅನ್ನುವ ಹಾಗೆ. ಅರ್ಧ ಗಂಟೆಯಲ್ಲಿ ಮೂವತ್ತೆಂಟು ಪರ್ಸೆಂಟ್. ಡಾಕ್ಟರು ವಿಡಿಯೋದಲ್ಲಿ ನೋಡಿ, “ಇನ್ನೊಂದು ಕಾಲೂ ಸರಿಯಾಗೇ ಬರ್ತಿದೆ. ಯಾರೂ ಎಳೀಬೇಡಿ, ಅದರ ಪಾಡಿಗೆ ಬಿಡಿ” ಅಂದರು. ಇಪ್ಪತ್ತು ನಿಮಿಷಕ್ಕೆ ಹೆಣ್ಣು ಕರು. ಮಾವ ಟವೆಲ್ಲಿನಲ್ಲಿ ಮೊದಲು ಕರುವನ್ನು ಒರೆಸಿ, ಆಮೇಲೆ ಕಣ್ಣು ಒರೆಸಿಕೊಂಡರು.

ಮಾರನೇ ದಿನ ಗಿಣ್ಣು. ಎರಡು ತಟ್ಟೆ ತಿಂದೆ. ಮೂರನೆಯದಕ್ಕೆ ಎರಡೂ ಕೈ ಅಡ್ಡ ಹಿಡಿದೆ. “ಆಕುಸ್ಕಳಿ ಅಳಿಯಂದ್ರೆ, ಇಷ್ಟಕ್ಕೇನಾಗ್ತದೆ” ಅನ್ನುತ್ತಾ ಮಾವ ಬೆರಳ ಸಂದಿಯಲ್ಲೇ ಬಡಿಸಿದರು.

ಫೋನಿನ ಹೊಟ್ಟೆಯ ಬಗ್ಗೆ ಅಷ್ಟೆಲ್ಲ ಯೋಚಿಸಿದ ಮನುಷ್ಯ ಅಳಿಯನ ಹೊಟ್ಟೆಯನ್ನೂ ಒಂದು ಮಾತು ಕೇಳಬಾರದೆ?