ಮೂರನೇ ಸ್ಥಾನದ ಎಂಜಿನ್

ಎನ್ಸಿಯೊ ಹಾಪಸಾಲ್ಮಿ ಮೂವತ್ತೆಂಟು ವರ್ಷ ಕಂಡವರ ಕಾರುಗಳ ಎಂಜಿನ್ ಬಿಚ್ಚಿ, ಮೊದಲಿಗಿಂತ ಚುರುಕಾಗಿ ಜೋಡಿಸಿಕೊಟ್ಟವನು. ಇಲ್ಮಾಯೋಕಿ ಊರಿನ ಸುತ್ತಮುತ್ತ ಓಟಕ್ಕೆ ಇಳಿಯುವ ಯಾವ ಕಾರಿನ ಬಾನೆಟ್ ಎತ್ತಿದರೂ ಒಳಗೆ ಅವನ ಕೈ ಇತ್ತು, ಹೊರಗೆ ಎಲ್ಲೂ ಅವನ ಹೆಸರಿರಲಿಲ್ಲ. ಗೆದ್ದವನ ಹೆಸರು ಪತ್ರಿಕೆಯಲ್ಲಿ, ಎಣ್ಣೆ ಕಂಪನಿಯ ಹೆಸರು ಕಾರಿನ ಬಾಗಿಲ ಮೇಲೆ.

ಅದಕ್ಕಾಗಿ ಅವನು ಕೊರಗಿದವನಲ್ಲ. ಕೊರಗುವುದಕ್ಕೆ ಬೇರೆ ಕಾರಣಗಳಿದ್ದವು. ಜೀವಮಾನವೆಲ್ಲ ಎಂಜಿನ್‌ಗಳಿಗೆ ಕಿವಿಗೊಟ್ಟಿದ್ದ. ಕೊಟ್ಟ ಕಿವಿ ವಾಪಸ್ ಬರಲಿಲ್ಲ. ಎಡಗಿವಿ ಪೂರ್ತಿ ಮುಚ್ಚಿತ್ತು, ಬಲಗಿವಿ ತನಗೆ ಇಷ್ಟವಾದದ್ದನ್ನು ಮಾತ್ರ ಕೇಳಿಸುತ್ತಿತ್ತು. ಗ್ರೈಂಡರ್ ಹಿಡಿದು ಹಿಡಿದು ಬೆರಳುಗಳ ನರ ಸತ್ತಿದ್ದವು. ಅಕ್ಟೋಬರ್ ಬಂತೆಂದರೆ ಹತ್ತೂ ಬೆರಳು ಮೇಣದ ಬತ್ತಿಗಳಂತೆ ಬಿಳಿಚಿಕೊಳ್ಳುತ್ತಿದ್ದವು. ಇನ್ನು ಮೇಲೆ ಗ್ರೈಂಡರ್ ಮುಟ್ಟಕೂಡದು ಎಂದು ಡಾಕ್ಟರು ಹೇಳಿದಾಗ, "ಮುಟ್ಟಿದ್ದು ನನಗೆ ಗೊತ್ತಾದ್ರೆ ತಾನೆ" ಎಂದು ಎದ್ದು ಬಂದಿದ್ದ. ಗ್ಯಾರೇಜು ಮುಚ್ಚಿದ.

ಮುಚ್ಚುವ ಮೊದಲು ಒಂದೇ ಒಂದು ಎಂಜಿನ್ ಉಳಿದಿತ್ತು. ಅದು ಹೆಂಡತಿಯದು.

ರೈಲಿ ಐವತ್ತೇಳು ವರ್ಷದವಳು. ವಾರದ ದಿನ ಶಾಲೆಯ ಅಡುಗೆಮನೆಯಲ್ಲಿ ಬಟಾಣಿ ಸಾರು ಕುದಿಸುತ್ತಿದ್ದಳು, ಭಾನುವಾರ ಹಳೆಯ ಜಲ್ಲಿ ಕ್ವಾರಿಯ ಓಟದಲ್ಲಿ ಹಳೆಯ ಟೊಯೋಟಾ ಓಡಿಸುತ್ತಿದ್ದಳು. ಅದು ಬಡವರ ಓಟ. ಬಡವರದಾಗಿಯೇ ಉಳಿಯಲೆಂದು ಒಂದು ನಿಯಮವೂ ಇತ್ತು: ಓಟ ಮುಗಿದ ಮೇಲೆ ಯಾರು ಬೇಕಾದರೂ ಯಾವ ಕಾರಿಗೆ ಬೇಕಾದರೂ ನಿಗದಿಯಾದ ಒಂದೇ ಬೆಲೆಗೆ ಚೀಟಿ ಹಾಕಬಹುದು. ಚೀಟಿ ಹೆಚ್ಚಿದ್ದರೆ ಲಾಟರಿ. ಬಿಡ್ ಬಿದ್ದ ಮೇಲೆ ಕಾರು ಬಿಡಲೇಬೇಕು. ಬಿಡೆನೆಂದರೆ ಲೈಸೆನ್ಸ್ ಹೋಯಿತು.

ಹಾಗಾಗಿ ಆ ಕಡೆಯವರೆಲ್ಲ ಒಂದು ವಿದ್ಯೆ ಕಲಿತಿದ್ದರು. ಎಂಜಿನ್‌ಗೆ ಒಳಗೆ ಹೊಳಪು, ಹೊರಗೆ ತುಕ್ಕು. ಸೈಲೆನ್ಸರ್‌ನಲ್ಲಿ ಬೇಕೆಂದೇ ಒಂದು ಸಡಿಲ ತಗಡು, ಕೇಳಿದವರಿಗೆ ಇದರ ಕಥೆ ಇವತ್ತೋ ನಾಳೆಯೋ ಅನಿಸಬೇಕು. ಎಲ್ಲಕ್ಕಿಂತ ಮುಖ್ಯ, ಕೊನೆಯ ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ಒಂದಿಷ್ಟು ಎತ್ತಿ ಮೂರನೆಯದಾಗಿ ಬರುವುದು. ಮೂರನೆಯ ಕಾರಿಗೆ ಯಾರೂ ಚೀಟಿ ಹಾಕುವುದಿಲ್ಲ. ಎನ್ಸಿಯೊನ ಮನೆಯ ಕಪಾಟಿನಲ್ಲಿ ಮೂರನೆಯ ಬಹುಮಾನದ ಲೋಟಗಳೇ ಹದಿನಾಲ್ಕು ಇದ್ದವು. ರೈಲಿ ಒಂದರಲ್ಲಿ ಪೆನ್ಸಿಲ್ ಇಡುತ್ತಿದ್ದಳು.

ಆ ಚಳಿಗಾಲ ಅವರಿಬ್ಬರೂ ಸೇರಿ ಆ ಎಂಜಿನ್ ಕಟ್ಟಿದರು. ಸಿಲಿಂಡರ್ ಹೆಡ್ಡಿನೊಳಗೆ ಗಾಳಿ ಹೋಗುವ ದಾರಿಯನ್ನು ಸವೆಸಿ ನಯ ಮಾಡುವುದು ಬೆರಳ ತುದಿಯ ಕೆಲಸ. ಕಣ್ಣಿಗೆ ಅದು ಕಾಣಿಸದು. ಎನ್ಸಿಯೊನ ಬೆರಳಿಗೆ ಅದು ತಿಳಿಯುತ್ತಿರಲಿಲ್ಲ. ಆದ್ದರಿಂದ ಅವನು ಸವೆಸುವುದು, ರೈಲಿ ಬೆರಳು ಹಾಕಿ ನೋಡುವುದು.

"ಇಲ್ಲಿ ಉಬ್ಬು ಇದೆ."

"ಎಷ್ಟು ದಪ್ಪ?"

"ಬಟಾಣಿ ಸಿಪ್ಪೆಯಷ್ಟು."

"ಒಣಗಿದ್ದೋ, ನೆನೆಸಿದ್ದೋ?"

"ನೆನೆಸಿದ್ದು. ಸುಮ್ನೆ ಉಜ್ಜು."

ಐದು ತಿಂಗಳು ಹೀಗೆ. ಪಿಸ್ಟನ್‌ಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಸಮ ಮಾಡಿದರು. ಗೇರ್ ಬಾಕ್ಸನ್ನು ಮೂರು ಸಲ ಬಿಚ್ಚಿದರು. ಇದು ತನ್ನ ಕೊನೆಯ ಎಂಜಿನ್, ಇದನ್ನು ಯಾರಿಗೂ ಕೊಡಬೇಕಾಗಿಲ್ಲ, ಇದು ಮನೆಯಲ್ಲೇ ಇರುತ್ತದೆ ಎಂಬ ಒಂದೇ ಆಸೆಯಲ್ಲಿ ಅವನು ದುಡಿದ. ಮೇ ತಿಂಗಳಲ್ಲಿ ಸ್ಟಾರ್ಟ್ ಮಾಡಿದಾಗ ಬಲಗೈಯನ್ನು ವಾಲ್ವ್ ಮುಚ್ಚಳದ ಮೇಲಿಟ್ಟ. ಏನೂ ತಿಳಿಯಲಿಲ್ಲ. ರೈಲಿಯ ಮುಖ ನೋಡಿದ, ಅಲ್ಲಿ ತಿಳಿಯಿತು.

ಜೂನ್ ಎರಡನೇ ಭಾನುವಾರ ಕ್ವಾರಿಯಲ್ಲಿ ಹೆಂಗಸರ ಓಟದ ಫೈನಲ್. ಬೆಲ್ಟ್ ಬಿಗಿಯುವಾಗ ರೈಲಿ ಕೇಳಿದಳು, "ಕೊನೇ ತಿರುವಲ್ಲಿ ಎತ್ಬೇಕು ತಾನೆ?"

ಹದಿನಾಲ್ಕು ಸಲ ಹೇಳಿದ ಉತ್ತರ ಅವನ ಬಾಯಲ್ಲೇ ಇತ್ತು. ಆದರೆ ಈ ಎಂಜಿನ್ ಒಂದು ಸಲವಾದರೂ ಪೂರ್ತಿ ಕೂಗುವುದನ್ನು ಬಲಗಿವಿ ಇನ್ನೂ ಇರುವಾಗಲೇ ಕೇಳಬೇಕೆನಿಸಿತು.

"ನಿನ್ನ ಕಾಲು," ಎಂದ. "ನಿನ್ನಿಷ್ಟ."

ರೈಲಿ ಎತ್ತಲಿಲ್ಲ. ಅವಳು ಗೆರೆ ದಾಟಿದಾಗ ಎರಡನೆಯವಳು ಇನ್ನೂ ತಿರುವಿನಲ್ಲಿದ್ದಳು. ಎನ್ಸಿಯೊ ಬೇಲಿ ಹಿಡಿದು ನಿಂತು ಕೇಳಿದ. ಕೇಳಿಸಿತು. ಅವನಿಗೆ ಮಾತ್ರವಲ್ಲ, ಇಡೀ ಕ್ವಾರಿಗೆ ಕೇಳಿಸಿತು. ಅರ್ಧ ಗಂಟೆಯಲ್ಲಿ ಪೆಟ್ಟಿಗೆಯಲ್ಲಿ ಅವಳ ಕಾರಿಗೆ ಏಳು ಚೀಟಿಗಳಿದ್ದವು.

ಲಾಟರಿಯಲ್ಲಿ ಬಂದದ್ದು ಓಸ್ಮೊ ರಿಂತಾಲನ ಚೀಟಿ. ಓಸ್ಮೊ ಹನ್ನೊಂದು ವರ್ಷ ಎನ್ಸಿಯೊನ ಪಕ್ಕದಲ್ಲಿ ನಿಂತು ಕೆಲಸ ಮಾಡಿ, ಆಮೇಲೆ ಪೇಟೆಯಲ್ಲಿ ದೊಡ್ಡ ಬೋರ್ಡ್ ಹಾಕಿ ತನ್ನದೇ ಗ್ಯಾರೇಜು ತೆರೆದವನು. ಬೋರ್ಡಿನ ಹಿಂದೆ ಗಿರಾಕಿಗಳೂ ಹೋಗಿದ್ದರು.

"ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ," ಎಂದ ಓಸ್ಮೊ, ಸಾಸಿವೆ ಹಚ್ಚಿದ ಸಾಸೇಜ್ ಅಗಿಯುತ್ತ. "ನಿಯಮ ನಂದಲ್ಲ."

"ಸಾಸಿವೆ ಮೀಸೆಗೆ ಹತ್ತಿದೆ," ಎಂದು ಎನ್ಸಿಯೊ ಕೀಲಿ ಕೊಟ್ಟ.

ಮನೆಗೆ ಬರುವಾಗ ಖಾಲಿ ಟ್ರೇಲರ್ ಹಿಂದೆ ಕುಣಿಯುತ್ತಿತ್ತು. ಅವತ್ತು ಸಂಜೆ ಇಬ್ಬರೂ ಸೌನಾದ ಹಬೆಯಲ್ಲಿ ಬೆವರುತ್ತ ಕೂತರು. ರೈಲಿ ಕಾದ ಕಲ್ಲುಗಳ ಮೇಲೆ ನೀರು ಚಿಮುಕಿಸಿ, "ನೀನು ಎತ್ತು ಅಂದಿದ್ರೆ ಎತ್ತಿರ್ತಿದ್ದೆ" ಎಂದಳು.

"ಗೊತ್ತು," ಎಂದ. ಅದೇ ಅವನನ್ನು ಸುಡುತ್ತಿತ್ತು, ಆವಿಯಲ್ಲ.

ಆಗಸ್ಟ್‌ನಲ್ಲಿ ಓಸ್ಮೊ ಅದೇ ಟೊಯೋಟಾವನ್ನು ಅದೇ ಕ್ವಾರಿಗೆ ತಂದು ತಾನೇ ಓಟಕ್ಕಿಳಿದ. ಎನ್ಸಿಯೊನೂ ಬಂದಿದ್ದ, ಮನೆಯಲ್ಲೇ ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು. ಕಾರು ಮೂರನೆಯದಾಗಿ ಬಂತು.

"ನೋಡ್ದ್ಯಾ, ಬಚ್ಚಿಡ್ತಿದಾನೆ," ಎಂದ ಎನ್ಸಿಯೊ. "ಕೊನೇ ತಿರುವಲ್ಲಿ ಕಾಲೆತ್ತಿದ. ಆದ್ರೆ ಆ ದನಿ ಬಚ್ಚಿಡೋಕಾಗತ್ತಾ?"

ರೈಲಿ ಎಡಗಡೆ ನಿಂತಿದ್ದಳು. "ಎನ್ಸಿಯೊ, ಬೇಡ," ಎಂದಳು. ಇನ್ನೊಮ್ಮೆ ಎಂದಳು. ಮೂರನೆಯ ಸಲ ಹೇಳಲು ಬಲಗಡೆಗೆ ಸುತ್ತಿ ಬಂದವಳು ಅವನ ಮುಖ ನೋಡಿ ಸುಮ್ಮನಾದಳು. ಎರಡು ತಿಂಗಳಲ್ಲಿ ಆ ಮುಖ ಅಷ್ಟು ಬೆಳಗಿರಲಿಲ್ಲ.

ಪೆಟ್ಟಿಗೆಯಲ್ಲಿ ಬಿದ್ದದ್ದು ಒಂದೇ ಚೀಟಿ. ಜೂನ್‌ನಲ್ಲಿ ಚೀಟಿ ಹಾಕಿದ್ದ ಉಳಿದವರು ಈಗ ಕಾಫಿ ಕುಡಿಯುತ್ತ ದೂರದಿಂದ ನೋಡುತ್ತಿದ್ದರು. ಕಿವುಡರು ಎಂದುಕೊಂಡ ಎನ್ಸಿಯೊ.

ಓಸ್ಮೊ ಕೀಲಿ ಕೊಡುವಾಗ ಕೈ ಕುಲುಕಿದ. ಆ ಕೈಯ ಹಿಡಿತ ಬಿಗಿಯೋ ಸಡಿಲವೋ ಎನ್ಸಿಯೊನಿಗೆ ತಿಳಿಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಹೆಡ್ ಇಳಿಸಿ ಬೆಂಚಿನ ಮೇಲಿಟ್ಟರು. ರೈಲಿ ಎಂದಿನಂತೆ ಬೆರಳು ಹಾಕಿದಳು.

"ಉಬ್ಬು ಇದೆ," ಎಂದಳು.

"ಎಲ್ಲಿ?"

"ಎಲ್ಲಾ ಕಡೆ. ಇದು ನಮ್ದಲ್ಲ. ಕಾರ್ಖಾನೇಲಿ ಹ್ಯಾಗೆ ಬಂತೋ ಹಾಗೇ ಇದೆ."

ಅವನು ತನ್ನ ಬೆರಳನ್ನೂ ಹಾಕಿದ. ಅವನಿಗೆ ಅದು ಬೆಣ್ಣೆಯಂತೆ ನುಣ್ಣಗಿತ್ತು.

"ನಿಂಗೆ ಅಲ್ಲೇ ಗೊತ್ತಿತ್ತು," ಎಂದ.

"ಮೊದಲ ಸುತ್ತಲ್ಲೇ."

ಅವನು ಫೋನ್ ಹಚ್ಚಿ ಬಲಗಿವಿಗೆ ಒತ್ತಿದ. ಓಸ್ಮೊ ಸುಳ್ಳು ಹೇಳಲಿಲ್ಲ. "ನಿಯಮದಲ್ಲಿ ಕಾರು ಅಂತಿದೆ ಮೇಸ್ತ್ರಿ, ಎಂಜಿನ್ ಅಂತಿಲ್ಲ. ನೀವು ಕೇಳಿಸ್ಕೊಂಡೇ ಚೀಟಿ ಹಾಕಿದ್ರಿ ಅಂದ್ಕೊಂಡೆ. ನಿಮ್ಮ ಕಿವಿ ಅಂದ್ರೆ ಊರಿಗೇ ನಂಬಿಕೆಯಲ್ವಾ."

"ನನ್ನ ಎಂಜಿನ್ ಎಲ್ಲಿ?"

"ಹೆಡ್ಡು ಗೋಡೆ ಮೇಲಿದೆ. ಉದ್ದಕ್ಕೆ ಎರಡು ಹೋಳು ಮಾಡಿದೀನಿ, ಒಳಗಿನ ದಾರಿ ಕಾಣ್ಲಿ ಅಂತ. ಬಂದ ಗಿರಾಕಿ ಎಲ್ಲ ಅದನ್ನೇ ನೋಡ್ತಾ ನಿಲ್ತಾರೆ."

"ಯಾರ ಕೆಲಸ ಅಂತೀಯ ಅವರಿಗೆ?"

ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಓಸ್ಮೊ ಮಾತಾಡಲಿಲ್ಲವೋ, ಕಿವಿ ಕೈಕೊಟ್ಟಿತೋ, ಎನ್ಸಿಯೊ ವಿಚಾರಿಸಲು ಹೋಗಲಿಲ್ಲ. ಫೋನ್ ಇಟ್ಟ.

ಆ ಹೆಡ್ಡನ್ನು ಸವೆಸೋಣವೇ ಎಂದು ರೈಲಿ ಕೇಳಲಿಲ್ಲ. ಅವನು ಗ್ರೈಂಡರಿನ ವೈರು ಸುತ್ತಿ ಕಪಾಟಿನಲ್ಲಿಟ್ಟು, ಹೆಡ್ಡನ್ನು ಇದ್ದ ಹಾಗೇ ಮತ್ತೆ ಕೂರಿಸಿದ. ಬೋಲ್ಟು ಎಷ್ಟು ಬಿಗಿದಿದೆ ಎಂದು ಹೇಳಲು ಅವಳು ಪಕ್ಕದಲ್ಲಿ ನಿಂತಳು.

ಸೆಪ್ಟೆಂಬರಿನ ಕೊನೆಯ ಓಟದಲ್ಲಿ ಬೆಲ್ಟ್ ಬಿಗಿಯುವಾಗ ರೈಲಿ ಅವನ ಬಲಗಡೆಗೆ ತಿರುಗಿ ಅಭ್ಯಾಸದಂತೆ ಕೇಳಿದಳು, "ಕೊನೇ ತಿರುವಲ್ಲಿ ಎತ್ಲಾ?"

"ಬೇಡ, ಒತ್ತೇ ಇಟ್ಕೋ," ಎಂದ ಎನ್ಸಿಯೊ. "ಇದು ಎಷ್ಟು ಒತ್ತಿದ್ರೂ ಮೂರನೇದೇ ಬರೋದು."

ಅದು ಐದನೆಯದಾಗಿ ಬಂತು.