ಬುಡನ್ ಸಾಬರೂ ಅತ್ತೆಯ ಈಯದ ಚೊಂಬೂ

ನಮ್ಮ ಅತ್ತೆ ವಿಶಾಲಾಕ್ಷಮ್ಮನವರು ಯಾರಿಗೂ ಸುಲಭವಾಗಿ ಏನನ್ನೂ ಕೊಟ್ಟವರಲ್ಲ. ಮನಸಾರೆ ಕೊಟ್ಟದ್ದು ಒಂದೇ ಸಲ, ಅದೂ ಕಲಾಯಿ ಬುಡನ್ ಸಾಬರಿಗೆ. ಪಾಪ, ಆ ಮನುಷ್ಯ ಅದರಿಂದ ಚೇತರಿಸಿಕೊಳ್ಳಲೇ ಇಲ್ಲ.

ಚಾಮರಾಜಪೇಟೆಯ ನಮ್ಮ ಮನೆಯ ಎದುರಿಗೆ ಒಂದು ಹೊಂಗೆ ಮರವಿತ್ತು. ಅದರ ಬುಡದಲ್ಲಿ ಸಣ್ಣ ಗುಂಡಿ ತೋಡಿ, ತಿದಿ ಹೂಡಿ, ಬುಡನ್ ಸಾಬರು ಬೀದಿಯ ತಾಮ್ರ ಹಿತ್ತಾಳೆಗೆಲ್ಲ ಕಲಾಯಿ ಹಾಕುತ್ತಿದ್ದರು. ಈಗಿನವರಿಗೆ ಕಲಾಯಿ ಅಂದರೆ ಗೊತ್ತಿಲ್ಲ. ಪಾತ್ರೆಯ ಒಳಗೆ ತವರ ಕರಗಿಸಿ ಬಳಿಯದಿದ್ದರೆ ಹುಳಿ ಪದಾರ್ಥ ಕಿಲುಬೆದ್ದು ವಿಷವಾಗುತ್ತಿತ್ತು. ಸಾಬರು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿಯನ್ನು ಒಂದು ಸಲ ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಕೆಲಸದಲ್ಲಿ ಎತ್ತಿದ ಕೈ. ಆದರೆ ಮಾತಿನಲ್ಲಿ? "ನಾಳೆ ಕೊಡ್ತೀನಿ ತಾಯಿ" ಅನ್ನುವುದು, ವಾರ ಕಳೆದರೂ ಕೊಡದಿರುವುದು. ಅತ್ತೆ ಜಗಲಿಯಲ್ಲಿ ನಿಂತು ಬೈಯುವುದು, ಅವರು ತಲೆ ತಗ್ಗಿಸಿ ತಿದಿ ಒತ್ತುವುದು. ಇದು ವರ್ಷವಿಡೀ ನಡೆಯುತ್ತಿದ್ದ ನಾಟಕ.

ರಂಜಾನಿಗೆ ಒಂದು ತಿಂಗಳು ಇದೆ ಅನ್ನುವಾಗ ಮಾತ್ರ ಆ ಬಾಯಿಂದ "ನಾಳೆ" ಅನ್ನುವ ಮಾತೇ ನಿಂತುಹೋಗುತ್ತಿತ್ತು. ಅವರ ಹೆಂಡತಿ ಮಸ್ತಾನ್ ಬೀ ಮನೆಗೆ ಸುಣ್ಣ ಬಳಿದು, ಮಂಚದ ಮೇಲೆ ಶಾವಿಗೆ ಒಣಹಾಕಿ, ಗಂಜಿಗೆಂದು ನುಚ್ಚಕ್ಕಿ ಕೇರಿ ಇಡುವ ಹೊತ್ತಿಗೆ ಇವರು ಜಗಳವಾಡಿದವರ ಮನೆಗಳಿಗೆಲ್ಲ ಹೋಗಿ ಮಾಫಿ ಕೇಳಿ ಬರುತ್ತಿದ್ದರು. ನಮ್ಮ ಮನೆಗೂ ಬರುತ್ತಿದ್ದರು. "ವರ್ಷ ಪೂರ್ತಿ ನಿಮಗೆ ನಾಳೆ ನಾಳೆ ಅಂತ ಸುಳ್ಳು ಹೇಳಿದೀನಿ ತಾಯಿ, ಮಾಫ್ ಮಾಡ್ಬೇಕು." ಅತ್ತೆ ಮುಖ ಗಂಟಿಕ್ಕಿಕೊಂಡೇ ಕ್ಷಮಿಸುತ್ತಿದ್ದರು.

ಒಂದು ಸಲ ನಾನು ಯಾಕೆ ಇಷ್ಟೆಲ್ಲ ಅಂತ ಕೇಳಿದೆ. "ಕಿಲುಬು ಉಜ್ಜದೆ ಕಲಾಯಿ ಹಾಕಿದ್ರೆ ನಿಲ್ಲಲ್ಲ ಬೇಟಿ. ಮೊದಲು ನಾಲಿಗೆ ಉಜ್ಜಿಕೋಬೇಕು. ಸುಳ್ಳು ಹೇಳ್ಕೊಂಡು ಹಸಿದಿದ್ರೆ ಅದು ರೋಜಾ ಅಲ್ಲ, ಬರೀ ಹಸಿವು" ಅಂದರು.

ಕಡೆಯದಾಗಿ ಮಸೀದಿಯ ದೇಗ್. ಆಳು ಕೂರುವಷ್ಟು ದೊಡ್ಡ ತಾಮ್ರದ ಪಾತ್ರೆ ಅದು. ರಂಜಾನಿನ ಸಂಜೆಗಳಲ್ಲಿ ಅದರಲ್ಲೇ ಗಂಜಿ ಬೇಯುತ್ತಿತ್ತು. ಅಕ್ಕಿಪೇಟೆಯ ಮೂಟೆ ಹೊರುವವರು, ಜಟಕಾದವರು, ಬೀಡಿ ಕಟ್ಟುವವರು ಅದನ್ನೇ ನಂಬಿ ಉಪವಾಸ ಬಿಡುತ್ತಿದ್ದರು. ಅದಕ್ಕೆ ಕಲಾಯಿ ಹಾಕುವುದು ಬುಡನ್ ಸಾಬರ ತಂದೆಯ ಕಾಲದಿಂದ ಬಂದ ಸೇವೆ. ದೇಗ್ ಬೆಳ್ಳಗಾಗದೆ ಅವರ ಪಾಲಿಗೆ ರಂಜಾನ್ ಬರುತ್ತಲೇ ಇರಲಿಲ್ಲ.

ಯುದ್ಧದಲ್ಲಿ ಮಲಯಾ ದೇಶ ಜಪಾನಿನವರ ಕೈಗೆ ಹೋಯಿತು. ತವರವೆಲ್ಲ ಅಲ್ಲಿಂದಲೇ ಬರುತ್ತಿದ್ದದ್ದು ಅಂತ ನಮಗೆ ಗೊತ್ತಾದದ್ದು ಆಗಲೇ. ನಲವತ್ತಮೂರನೇ ಇಸವಿಯ ಹೊತ್ತಿಗೆ ಪೇಟೆಯಲ್ಲಿ ಹುಡುಕಿದರೂ ಒಂದು ಕಡ್ಡಿ ಸಿಗದು. ಆ ವರ್ಷ ನಮ್ಮ ಗೌರಿ ಹಬ್ಬವೂ ಅವರ ರಂಜಾನೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬಂದಿದ್ದವು. ಹಬ್ಬದ ಪಾತ್ರೆಗೆ ಕಲಾಯಿ ಆಗಲ್ಲ ಅಂತ ಹೇಳಲು ಬುಡನ್ ಸಾಬರು ಬಂದರು. ನಮ್ಮ ಪಾತ್ರೆ ಹಾಳಾಗಲಿ, ಅವರ ಮುಖ ನೋಡಲಾಗುತ್ತಿರಲಿಲ್ಲ.

"ದೇಗ್ ಒಳಗೆಲ್ಲ ತಾಮ್ರ ಕಾಣ್ತಿದೆ ತಾಯಿ. ಅದರಲ್ಲಿ ಬೇಯಿಸಿದ್ರೆ ಹಸಿದವರ ಹೊಟ್ಟೆಗೆ ವಿಷ ಹಾಕ್ದಂಗೆ. ಬೇಯಿಸ್ದೇ ಇದ್ರೆ ಅವರಿಗೆ ಗಂಜಿ ಇಲ್ಲ. ನಾನೇನ್ ಮಾಡ್ಲಿ?"

ಅತ್ತೆ ಒಳಗೆ ಹೋದರು. ಬಂದಾಗ ಕೈಯಲ್ಲಿ ಈಯದ ಚೊಂಬಿತ್ತು. ಸಾರು ಕುದಿಸುವುದಕ್ಕೆಂದೇ ಅಪ್ಪಟ ತವರದಲ್ಲಿ ಮಾಡಿದ ಚೊಂಬು, ಅವರ ತಾಯಿ ಮದುವೆಯಲ್ಲಿ ಕೊಟ್ಟದ್ದು. ನನಗೆ ತೊಳೆಯುವುದಕ್ಕೂ ಕೊಡುತ್ತಿರಲಿಲ್ಲ.

"ತಗೊಳ್ಳಿ ಸಾಬ್ರೇ. ಕರಗಿಸಿ ದೇಗಿಗೆ ಹಾಕಿ."

"ಬೇಡ ತಾಯಿ, ನಿಮ್ಮ ಅಮ್ಮಾವ್ರು ಕೊಟ್ಟಿದ್ದು..."

"ಅದಕ್ಕೇ ಕೊಡ್ತಿರೋದು. ನಮ್ಮಮ್ಮನಿಗೆ ಬಡವರಿಗೆ ಅನ್ನ ಹಾಕ್ಬೇಕು ಅಂತ ಆಸೆ ಇತ್ತು, ಗಂಡನ ಮನೇಲಿ ಬಿಡ್ಲಿಲ್ಲ. ಈಗ ಆಗಲಿ."

ಸಾಬರು ಎರಡೂ ಕೈಯಲ್ಲಿ ಈಸಿಕೊಂಡರು. ಕಣ್ಣಲ್ಲಿ ನೀರು ತುಂಬಿತ್ತು.

ಮಾರನೆಯ ದಿನ ಬುಡನ್ ಸಾಬರು ಹಿತ್ತಲ ಬಾಗಿಲಿಗೆ ಬಂದು ನನ್ನನ್ನು ಮೆಲ್ಲಗೆ ಕರೆದರು. ಚೊಂಬು ಹಾಗೇ ಇತ್ತು, ಕಂಠ ಮಾತ್ರ ಒಂದು ಕಡೆ ಬಗ್ಗಿತ್ತು.

"ಒಳ್ಳೆ ತವರ ಬಗ್ಗಿಸಿದ್ರೆ ಕಿರ್ ಅಂತ ಅಳುತ್ತೆ ಬೇಟಿ. ಇದು ಅಳಲಿಲ್ಲ. ಎತ್ತಿದಾಗಲೇ ಭಾರ ಅನ್ನಿಸ್ತು, ಹಳೇ ಕಾಲದ್ದು, ದಪ್ಪ ಇರ್ಬೇಕು ಅಂದ್ಕೊಂಡೆ. ಅರ್ಧಕ್ಕರ್ಧ ಸೀಸ. ನಿಮ್ಮ ಅತ್ತೆಯ ಅಮ್ಮಾವ್ರಿಗೆ ಯಾರೋ ಮೋಸ ಮಾಡಿದಾರೆ. ಇದನ್ನ ದೇಗಿಗೆ ಬಳಿದ್ರೆ ಕಿಲುಬಿಗಿಂತ ಕೆಟ್ಟದ್ದು."

ಆ ಚೊಂಬಿನ ಸಾರನ್ನು ಮದುವೆಯಾಗಿ ಬಂದಾಗಿನಿಂದ ನಾನೂ ಉಂಡಿದ್ದೆ. ಏನೂ ಹೇಳದೆ ವಾಪಸು ಕೊಟ್ಟರೆ ಅತ್ತೆ ಮತ್ತೆ ಅದರಲ್ಲೇ ಸಾರು ಕುದಿಸುತ್ತಾರೆ. "ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ, ರಂಜಾನ್ ಬೇರೆ ಬರ್ತಿದೆ" ಅಂದೆ. ಅವರು ಚೊಂಬನ್ನು ಚೀಲದಲ್ಲಿಟ್ಟು, ಮನೆ ಸುತ್ತಿಕೊಂಡು ಮುಂಬಾಗಿಲಿಗೆ ಹೋದರು.

ಅತ್ತೆ ಜಗಲಿಯಲ್ಲಿ ಪಕ್ಕದ ಮನೆಯ ಗೋದಾಗೆ ಚೊಂಬಿನ ಕಥೆಯನ್ನೇ ಹೇಳುತ್ತ ಕೂತಿದ್ದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡದ್ದು ಅದೇ ಮೊದಲು. "ಬಂದ್ರಾ ಸಾಬ್ರೇ? ನಮ್ಮಮ್ಮನ ಚೊಂಬು ಹತ್ತಿತಾ ದೇಗಿಗೆ?"

ಬುಡನ್ ಸಾಬರು ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನಾದರೂ ಏನು ಮಾಡಲಿ?

"ಹತ್ತಿತು ತಾಯಿ. ಬೆಳ್ಳಗಾಯ್ತು" ಅಂದರು.

ಇನ್ನೂ ರಂಜಾನಿನ ಚಂದ್ರ ಕಂಡಿಲ್ಲ, ದೇವರಲ್ಲಿ ತಪ್ಪೊಪ್ಪಿ ತೌಬಾ ಮಾಡಿಕೊಂಡರೆ ಈ ಒಂದು ಸುಳ್ಳು ಇಲ್ಲಿಗೇ ಮುಗಿಯುತ್ತದೆ ಅಂದುಕೊಂಡಿದ್ದರಂತೆ. ಮುಗಿಯಲಿಲ್ಲ. ಚಂದ್ರ ಕಂಡ, ರೋಜಾ ಶುರುವಾಯಿತು, ಅತ್ತೆಯೂ ಶುರುಮಾಡಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಜಗಲಿಯಲ್ಲಿ ಕೂತು, ಮಸೀದಿಗೆ ಹೊರಟ ಸಾಬರನ್ನು ತಡೆದು ನಿಲ್ಲಿಸುವುದು. "ನಿನ್ನೆ ಎಷ್ಟು ಜನ ಉಂಡ್ರು? ಎಲ್ಲರಿಗೂ ಸಾಕಾಯ್ತಾ? ದೇಗ್ ಹೊಳೀತಿದೆಯಾ?" ನೀರೂ ಮುಟ್ಟದ ಬಾಯಲ್ಲಿ ಆ ಮನುಷ್ಯ ದಿನವೂ ಹೌದು ತಾಯಿ, ಹೌದು ತಾಯಿ ಅನ್ನಬೇಕು. ನಿಜವಾಗಿ ದೇಗ್ ಮಸೀದಿಯ ಅಂಗಳದಲ್ಲಿ ಬೋರಲು ಬಿದ್ದಿತ್ತು. ಮಣ್ಣಿನ ಮಡಕೆಗಳಲ್ಲಿ ಬೇಯಿಸಿದ ಗಂಜಿ ಸಾಲದೆ, ಸಾಲಿನ ಕೊನೆಯಲ್ಲಿದ್ದವರು ನೀರು ಕುಡಿದು ಹೋಗುತ್ತಿದ್ದರು. ಸಾಬರು ದಾರಿ ಬದಲಿಸಿ ನೋಡಿದರು. ಅತ್ತೆ ಸಾಬರಿಗೆ ಮೈ ಸರಿಯಿಲ್ಲವೇನೋ ಅಂತ ಅವರ ಮನೆಗೇ ಹೇಳಿಕಳಿಸಿದರು. ಮತ್ತೆ ನಮ್ಮ ಬೀದಿಗೇ ಬಂದರು. ನೀನೇ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಬೈಗುಳವಿಲ್ಲದೆ ಮಾತಾಡುವ ನಮ್ಮ ಅತ್ತೆಯನ್ನು ನೀವು ನೋಡಿಲ್ಲ. ಆ ಸಂತೋಷವನ್ನು ಕೆಡಿಸಲು ನನ್ನ ಕೈಲೂ ಆಗಲಿಲ್ಲ.

ತಿಂಗಳ ಕೊನೆಗೆ ಅತ್ತೆ ಇನ್ನೊಂದು ಕೇಳಿದರು. "ಆ ದೇಗಿನ ಗಂಜಿ ನನಗೂ ಒಂದು ಬಟ್ಟಲು ತಂದ್ಕೊಡಿ ಸಾಬ್ರೇ. ಮಾಂಸ ಹಾಕೋಕ್ ಮೊದ್ಲು ತೆಗೆದಿಡಿ." ಕಲಾಯಿ ಹಾಕಿಸಿ ತಂದ ಪಾತ್ರೆಯನ್ನೂ ನೀರು ಚಿಮುಕಿಸಿಯೇ ಒಳಗೆ ಬಿಡುತ್ತಿದ್ದ ಹೆಂಗಸು!

ಮಸ್ತಾನ್ ಬೀ ಮನೆಯಲ್ಲೇ ಹೊಸ ಮಡಕೆಯಲ್ಲಿ ಬೇರೆಯಾಗಿ ಬೇಯಿಸಿಕೊಟ್ಟದ್ದನ್ನು ಬುಡನ್ ಸಾಬರು ಮುಸ್ಸಂಜೆಗೆ ತಂದರು. ಅತ್ತೆ ನಡುಮನೆಯಲ್ಲಿ ಕೂತು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. "ಗಿರಿಜಾ, ನಮ್ಮಮ್ಮನ ಸಾರಿನ ರುಚಿ ಕಣೇ ಇದು. ಹಂಗೇ ಇದೆ." ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

ಅಷ್ಟರಲ್ಲಿ ಹಿಂದಿನ ಬೀದಿಯ ಮಸೀದಿಯಿಂದ ಬಾಂಗು ಕೇಳಿಸಿತು. ಸಾಬರು ಮೆಟ್ಟಿಲ ಬಳಿ ನಿಂತಿದ್ದರು, ಅಂಗೈಯಲ್ಲಿ ಒಂದು ಖರ್ಜೂರ. ಬಾಯಿಗೆ ಹಾಕಿಕೊಳ್ಳಲಿಲ್ಲ. ನಾನು ನೀರಿನ ಚೊಂಬು ತಂದು, "ಹೊತ್ತಾಯ್ತು ಸಾಬ್ರೇ, ರೋಜಾ ಬಿಡಿ" ಅಂದೆ.

"ಬಿಡೋಕೆ ರೋಜಾ ಎಲ್ಲಿದೆ ಬೇಟಿ" ಅಂದರು. "ಈ ತಿಂಗಳೆಲ್ಲ ಬರೀ ಹಸಿದಿದ್ದೆ."

ಒಳಗಿನಿಂದ ಅತ್ತೆ ಕೂಗಿ ಕೇಳಿದರು, "ಸಾಬ್ರೇ, ನಾಳೆನೂ ಒಂದು ಬಟ್ಟಲು ತರ್ತೀರಾ, ಆ ದೇಗಿಂದು?"

ಬುಡನ್ ಸಾಬರು ಖರ್ಜೂರವನ್ನು ಜೇಬಿಗೆ ಹಾಕಿಕೊಂಡರು. "ನಾಳೆ ತರ್ತೀನಿ ತಾಯಿ" ಅಂದರು.