ತವರು ಯಾವುದು ಅಂತ ಬರೀಲಿ?

ಹೋದ ವರ್ಷ ನಾನು ಸರ್ಕಾರಿ ರಿಜಿಸ್ಟರ್‌ನಲ್ಲಿ ಒಂದು ಸುಳ್ಳು ಬರೆಸಿದೆ. (ಹೈಸ್ಕೂಲ್ ಟೀಚರ್ ನಾನು. ನನ್ನ ವಿದ್ಯಾರ್ಥಿಗಳು ಇದನ್ನು ಓದದಿದ್ದರೆ ಒಳ್ಳೆಯದು.)

ಕೊಟ್ಟೂರಿನ ನಮ್ಮ ಓಣಿಯ ಕೊನೇ ಮನೆಗೆ ನೇಪಾಳದ ಗಂಡ ಹೆಂಡತಿ ಬಾಡಿಗೆಗೆ ಬಂದಿದ್ದರು. ಗಂಡ ಎಣ್ಣೆ ಮಿಲ್ಲಿನಲ್ಲಿ ವಾಚ್‌ಮನ್. ಹೆಸರು ಟೀಕಾರಾಮ, ಊರೆಲ್ಲ ಕರೆಯೋದು ಮಾತ್ರ ಬಹದ್ದೂರ್. ಹೆಂಡತಿ ದೇವಿಮಾಯಾ. ಇಪ್ಪತ್ತರ ಹುಡುಗಿ, ಆರು ತಿಂಗಳ ಬಸುರಿ. ಕನ್ನಡ ಒಂದಕ್ಷರ ಬರದು, ಹಿಂದಿ ಅಷ್ಟಿಷ್ಟು ತಿಳಿಯುತ್ತಿತ್ತು.

ಬಸುರಿಯರ ಹೆಸರು ಬರೆದುಕೊಳ್ಳಲು ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಓಣಿಗೆ ಬಂದ ದಿನ ಅವಳ ಕೈ ಹಿಡಿದು ಕರೆದೊಯ್ದೆ. ಪೆನ್ನು ಎತ್ತಿದ ನರ್ಸಮ್ಮ ಅಲ್ಲೇ ನಿಲ್ಲಿಸಿದರು.

“ಹೆರಿಗಿಗೆ ತವರಿಗೆ ಹೋಗ್ತಾಳೇನ್ರಿ ಟೀಚರ್? ತವರು ಯಾವುದು ಅಂತ ಬರೀಲಿ?”

“ನೇಪಾಳ ರೀ. ಈ ಹೊಟ್ಟಿ ಹೊತ್ಕೊಂಡು ಅಷ್ಟು ದೂರ ಹೆಂಗ ಹೋಗ್ತಾಳ?”

“ಹಂಗಲ್ರಿ. ಇಂಥವರು ಇವತ್ತು ಇರ್ತಾರ, ನಾಳಿ ಮನಿಗೆ ಬೀಗ ಹಾಕ್ಕೊಂಡು ಹೋಗಿರ್ತಾರ. ಇಂಜೆಕ್ಷನ್ ತಪ್ಪಿದ್ರ ಸಾಹೇಬ್ರು ನನ್ನ ಕೇಳ್ತಾರ. ನಾನು ಯಾರನ್ನ ಹುಡುಕ್ಲಿ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಪಕ್ಕದಲ್ಲಿ ಇವಳು, ತನ್ನನ್ನೇ ಬೈಯುತ್ತಿದ್ದಾರೇನೋ ಎಂಬಂತೆ ನಮ್ಮಿಬ್ಬರ ಬಾಯಿ ನೋಡುತ್ತ ನಿಂತಿದ್ದಳು.

“ನನ್ನ ಹುಡುಕ್ರಿ,” ಅಂದೆ. “ತವರು ನಮ್ಮ ಮನಿ. ಮಗಳು ಅಂತ ಬರ್ಕೊಳ್ರಿ.”

ನರ್ಸಮ್ಮ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. (ಹೋಲಿಕೆ? ದೇವರೇ ಗತಿ!) ನಕ್ಕು ಬರೆದುಕೊಂಡರು. ತಾಯಿ ಕಾರ್ಡ್ ಕೈಗೆ ಬಂತು.

ಹೆಸರು ಬರೆಸಿದರೆ ಮುಗಿಯಿತೇ? ಅವಳಿಗೆ ರಕ್ತ ಕಡಿಮೆ ಇತ್ತು. ಮಾತ್ರೆ ಕೊಟ್ಟರು. ವಾಂತಿ ಬರುತ್ತದೆ ಅಂತ ಇವಳು ಕದ್ದು ಬಚ್ಚಲಿಗೆ ಹಾಕುತ್ತಿದ್ದಳು. ನನ್ನದು ಪರೀಕ್ಷೆಗೆ ಓದಿದ ಹಿಂದಿ, ಜಗಳಕ್ಕೆ ಒದಗುವುದಿಲ್ಲ. ಎದುರು ಮನೆಯ ಫಾತಿಮಾಬಿಯನ್ನು ಕರೆದೆ. ಅವರು ಉರ್ದುವಿನಲ್ಲಿ ಹತ್ತು ನಿಮಿಷ ಚೆನ್ನಾಗಿ ಬೈದರು. ಅವತ್ತಿನಿಂದ ನಮ್ಮಿಬ್ಬರಲ್ಲಿ ಒಬ್ಬರ ಎದುರಿಗೇ ಮಾತ್ರೆ ನುಂಗಬೇಕು, ಬಾಯಿ ತೆರೆದು ತೋರಿಸಬೇಕು. ಸ್ಕೂಲಿಗೆ ಲೇಟಾದರೂ ನಾನು ಬಿಡಲಿಲ್ಲ.

ಎಂಟನೇ ತಿಂಗಳಲ್ಲಿ ಬಿ.ಪಿ. ಏರಿತು. “ಇಲ್ಲಿ ಬ್ಯಾಡ್ರಿ. ನೋವು ಬಂದ ಕೂಡ್ಲೇ ಹರಪನಹಳ್ಳಿ ದೊಡ್ಡಾಸ್ಪತ್ರಿಗೆ ಒಯ್ರಿ,” ಅಂದರು ನರ್ಸಮ್ಮ.

ಮಿಲ್ ಮಾಲೀಕರ ಹತ್ತಿರ ಜೀಪು ಕೇಳಲು ಹೋದೆ. “ನೋಡೋಣ್ರಿ” ಅಂದರು. ಹಾಗಂದರೆ ಇಲ್ಲ ಅಂತ ಅರ್ಥ, ಗೊತ್ತಲ್ಲ? ಮೂರು ದಿನ ಹೋಗಿ ಅವರ ಆಫೀಸಿನ ಬೆಂಚಿನ ಮೇಲೆ ಕೂತೆ. ನಾಲ್ಕನೇ ದಿನ ಅವರೇ ಡ್ರೈವರನ್ನು ಕರೆದರು. “ಈ ಟೀಚರ್ ಫೋನ್ ಮಾಡಿದ್ರ ನನ್ನ ಕೇಳಬ್ಯಾಡಪ, ಹೊಂಟುಬಿಡು.”

ಒಂದು ಬೆಳಿಗ್ಗೆ ಎಂಟನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೆ. ಸ್ಕೂಲಿನ ಆಫೀಸಿಗೆ ಎಸ್‌ಟಿಡಿ ಬೂತಿನಿಂದ ಫಾತಿಮಾಬಿಯ ಫೋನು. “ಬಿಟ್ಟು ಬರ್ರಿ ಟೀಚರ್, ನೋವು ಶುರು ಆಗೈತಿ!”

ಜೀಪಿನಲ್ಲಿ ದೇವಿಮಾಯಾ ನನ್ನ ಮಣಿಕಟ್ಟು ಹಿಡಿದವಳು ಹರಪನಹಳ್ಳಿವರೆಗೂ ಬಿಡಲಿಲ್ಲ. “ಆಮಾ, ಆಮಾ” ಅನ್ನುತ್ತಿದ್ದಳು. ಅದನ್ನು ಕನ್ನಡಕ್ಕೆ ತಿರುಗಿಸಲು ಯಾರೂ ಬೇಕಿರಲಿಲ್ಲ.

ಡಾಕ್ಟರು ಕಾರ್ಡಿನಲ್ಲಿದ್ದ ಬಿ.ಪಿ. ಲೆಕ್ಕ ನೋಡಿದವರೇ ಒಳಗೆ ಕರೆದೊಯ್ದರು. ಸಂಜೆ ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಆರಾಮ. ಟೀಕಾರಾಮ ಟೋಪಿ ಕೈಯಲ್ಲಿ ಹಿಡಿದು ಗೋಡೆ ಕಡೆ ಮುಖ ಮಾಡಿ ಅತ್ತ.

ಮೊನ್ನೆ ಓಣಿಗೆ ಇನ್ನೊಂದು ನೇಪಾಳದ ಸಂಸಾರ ಬಂದಿದೆ. ಆಕೆಯೂ ಬಸುರಿ. ಸರಿ, ನಾನು ಸೆರಗು ಸಿಕ್ಕಿಸಿ ಹೊರಟೆ. ಮನೆಗೆ ಬೀಗ! ಅಷ್ಟರಲ್ಲಿ ಎದುರಿಗೆ ದೇವಿಮಾಯಾ ಬಂದಳು. ಸೊಂಟದ ಮೇಲೆ ಮಗು, ಪಕ್ಕದಲ್ಲಿ ಆ ಹೊಸಬಳು, ಅವಳ ಕೈಯಲ್ಲಿ ಹೊಸ ಕಾರ್ಡ್.

“ನನ್ನ ಯಾಕ ಕರೀಲಿಲ್ಲಲೇ?”

“ನಿಮಗ ಸಾಲಿ ಐತಲ್ರಿ ಟೀಚರಮ್ಮ. ಅದಕ್ಕ ನರ್ಸಮ್ಮನ ಹತ್ರ ನಾನ ಕರ್ಕೊಂಡು ಹೋಗಿದ್ದೆ.”

ನನಗೆ ಸ್ವಲ್ಪ ಮುನಿಸು ಬಂತು, ಒಪ್ಪಿಕೊಳ್ಳುತ್ತೇನೆ. ಆದರೆ ಒಬ್ಬಳು ಈ ಊರಿನವಳಾದಳು ಅನ್ನೋದಕ್ಕೆ ಇನ್ನೇನು ಪುರಾವೆ ಬೇಕು ಹೇಳಿ?